ಗೃಹಬಳಕೆಯ ಸೌರ ವಿದ್ಯುತ್: ಅಳವಡಿಕೆಗೆ ಮುನ್ನ ತಿಳಿಯಬೇಕಾದ ಮಿತಿಗಳು

ಪೀಠಿಕೆ

ಸೂರ್ಯನ ಬೆಳಕಿಗೆ ಬೆಲೆಯಿಲ್ಲ. ಆದರೆ ಅದನ್ನು ವಿದ್ಯುತ್ತಾಗಿ ಪರಿವರ್ತಿಸುವ ಉಪಕರಣಗಳಿಗೆ ಬೆಲೆ, ಆಯುಷ್ಯ ಹಾಗೂ ನಿರ್ವಹಣಾ ವೆಚ್ಚಗಳಿವೆ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು ಪ್ರಾರಂಭಿಸಿ, 2 ಕಿಲೋವ್ಯಾಟ್ ಘಟಕಕ್ಕೆ ರೂ. 60,000 ಹಾಗೂ 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟ ಘಟಕಕ್ಕೆ ರೂ. 78,000 ಸಹಾಯಧನ ಘೋಷಿಸಿದ ನಂತರ ಸಾರ್ವಜನಿಕರಲ್ಲಿ ಆಸಕ್ತಿ ಹೆಚ್ಚಿದೆ. ಮೂಡಲಪಾಳ್ಯದಂತಹ ಒತ್ತಾದ ಬಡಾವಣೆಗಳ ಮನೆ ಮಾಲೀಕರು ಹಣ ತೊಡಗಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು ಸೂಕ್ತ.

1. ಸ್ಥಳ ಮತ್ತು ನೆರಳು

ಒಂದು ಕಿಲೋವ್ಯಾಟ್ ಘಟಕಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ತಾರಸಿ ಅಗತ್ಯ. 20×30 ಅಡಿ ನಿವೇಶನದ ಮನೆಯಲ್ಲಿ ಮೆಟ್ಟಿಲ ಕೋಣೆ, ನೀರಿನ ತೊಟ್ಟಿ, ಸೋಲಾರ್ ವಾಟರ್ ಹೀಟರ್ ಹಾಗೂ ಬಟ್ಟೆ ಒಣಗಿಸುವ ಜಾಗವನ್ನು ಕಳೆದರೆ ಉಳಿಯುವುದು ಅಲ್ಪ. ಸರಣಿಯಲ್ಲಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಇಂದು ನೆರಳಿಲ್ಲದಿದ್ದರೂ, ದಕ್ಷಿಣ ದಿಕ್ಕಿನ ನೆರೆಮನೆಯವರು ನಾಳೆ ಇನ್ನೊಂದು ಅಂತಸ್ತು ಕಟ್ಟಿದಲ್ಲಿ ಚಳಿಗಾಲದ ಬಿಸಿಲು ತಪ್ಪುವ ಸಾಧ್ಯತೆಯಿದೆ.

2. ಹವಾಮಾನ ಮತ್ತು ಧೂಳು

ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಉತ್ಪಾದನೆ ಗಣನೀಯವಾಗಿ ಇಳಿಯುತ್ತದೆ. ರಾತ್ರಿ ಇರುವುದೇ ಇಲ್ಲ. ಬೇಸಿಗೆಯಲ್ಲಿ ಫಲಕಗಳು ಕಾದಾಗಲೂ ದಕ್ಷತೆ ತಗ್ಗುತ್ತದೆ. ರಸ್ತೆಯ ಧೂಳು ಹಾಗೂ ಪಾರಿವಾಳಗಳ ಹಿಕ್ಕೆಯನ್ನು ಆಗಿಂದಾಗ್ಗೆ ತೊಳೆಯಬೇಕಾಗುತ್ತದೆ. ನೀರಿನ ಅಭಾವವಿರುವ ಮನೆಗಳಿಗೆ ಇದೂ ಒಂದು ಹೊರೆ.

3. ವಿದ್ಯುತ್ ಕಡಿತದ ವೇಳೆ

ಫಲಕವಿದ್ದರೆ ಕರೆಂಟು ಹೋಗುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಬ್ಯಾಟರಿ ಇಲ್ಲದೆ ಬೆಸ್ಕಾಂ ಜಾಲಕ್ಕೆ ಜೋಡಿಸಿದ ಘಟಕವು, ಜಾಲದಲ್ಲಿ ವಿದ್ಯುತ್ ಕಡಿತವಾದೊಡನೆ ತಾನೂ ಸ್ಥಗಿತಗೊಳ್ಳುತ್ತದೆ. ಕಂಬದ ಮೇಲೆ ದುರಸ್ತಿಯಲ್ಲಿ ತೊಡಗಿರುವ ಲೈನ್‌ಮನ್‌ಗಳ ಪ್ರಾಣರಕ್ಷಣೆಗಾಗಿ ಈ ಏರ್ಪಾಡು ಕಡ್ಡಾಯ. ಬ್ಯಾಟರಿ ಅಳವಡಿಸಿದಲ್ಲಿ ವೆಚ್ಚ ಏರುತ್ತದೆ; ಅದನ್ನು ಕೆಲವೇ ವರ್ಷಗಳಲ್ಲಿ ಬದಲಿಸಬೇಕಾಗುತ್ತದೆ.

4. ಲೆಕ್ಕಾಚಾರ

ಸಹಾಯಧನವು ಘಟಕ ಚಾಲನೆಗೊಂಡ ನಂತರ ಬ್ಯಾಂಕ್ ಖಾತೆಗೆ ಜಮೆಯಾಗುವುದರಿಂದ ಮೊದಲಿಗೆ ಪೂರ್ಣ ಹಣವನ್ನು, ಅಗತ್ಯವಿದ್ದರೆ ಸಾಲದ ಮೂಲಕ, ಹೊಂದಿಸಿಕೊಳ್ಳಬೇಕು. ಉದಾಹರಣೆಗೆ, 2 ಕಿಲೋವ್ಯಾಟ್ ಘಟಕಕ್ಕೆ ಸಹಾಯಧನ ಕಳೆದು ರೂ. 60,000 ಖರ್ಚಾಯಿತೆಂದು ಇಟ್ಟುಕೊಳ್ಳೋಣ. ದಿನಕ್ಕೆ 8 ಯೂನಿಟ್‌ನಂತೆ ತಿಂಗಳಿಗೆ 240 ಯೂನಿಟ್ ಉತ್ಪಾದನೆಯಾಗಿ, ಅದೆಲ್ಲವೂ ಮನೆಯ ಬಳಕೆಗೆ ಸಲ್ಲಿದರೆ, ಯೂನಿಟ್‌ಗೆ ರೂ. 6ರಂತೆ ರೂ. 1,440 ಉಳಿತಾಯ. ಮೂರೂವರೆ ವರ್ಷದಲ್ಲಿ ಅಸಲು ಮರಳುತ್ತದೆ. ನೆರಳಿನಿಂದ ಮೂರನೆಯ ಒಂದು ಭಾಗ ನಷ್ಟವಾದರೆ ಐದು ವರ್ಷಕ್ಕೂ ಮೀರುತ್ತದೆ. ಬಡ್ಡಿ ಹಾಗೂ ಇನ್ವರ್ಟರ್ ಬದಲಾವಣೆಯ ವೆಚ್ಚ ಪ್ರತ್ಯೇಕ. ಮಂಜೂರಾದ ಹೊರೆಗೆ ಅನುಗುಣವಾದ ನಿಗದಿತ ಶುಲ್ಕವನ್ನು ಎಂದಿನಂತೆ ಪಾವತಿಸತಕ್ಕದ್ದು.

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಈಗಾಗಲೇ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಕ್ಕೆ ಉಳಿಸಲು ಬಿಲ್ಲಿನ ಮೊತ್ತವೇ ಇಲ್ಲ. ಅಂತಹವರು ಸಾಲ ಮಾಡಿ ಘಟಕ ಅಳವಡಿಸಿದಲ್ಲಿ, ಇಲ್ಲದ ಬಿಲ್ಲಿನ ಜಾಗದಲ್ಲಿ ಸಾಲದ ಕಂತು ಬರುತ್ತದೆ ಎಂಬುದನ್ನು ಗಮನಿಸಬೇಕು.

5. ಬಾಡಿಗೆದಾರರಿರುವ ಕಟ್ಟಡಗಳು

ಒಂದೇ ಕಟ್ಟಡದಲ್ಲಿ ಮೂರು ನಾಲ್ಕು ಮೀಟರ್‌ಗಳಿದ್ದರೂ, ಸಾಮಾನ್ಯ ನೆಟ್ ಮೀಟರಿಂಗ್ ವ್ಯವಸ್ಥೆಯಲ್ಲಿ ಘಟಕ ಜೋಡಣೆಯಾದ ಆರ್.ಆರ್. ಸಂಖ್ಯೆಗೆ ಮಾತ್ರ ಲಾಭ ದೊರೆಯುತ್ತದೆ. ಬಾಡಿಗೆದಾರರು ಸ್ವಂತ ಖರ್ಚಿನಲ್ಲಿ ಅಳವಡಿಸಿದರೆ ಮನೆ ಬದಲಿಸುವಾಗ ಅದನ್ನು ಸುಲಭವಾಗಿ ಕೊಂಡೊಯ್ಯಲಾಗದು.

6. ಸೋಲಾರ್ ವಾಟರ್ ಹೀಟರ್

ಕೊಳವೆ ಬಾವಿಯ ಗಡಸು ನೀರಿನಿಂದ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ ನೀರು ಕಾಯುವುದು ನಿಧಾನವಾಗುತ್ತದೆ. ತಾರಸಿಯಿಂದ ಕೆಳಗಿನ ಅಂತಸ್ತಿಗೆ ಬಿಸಿನೀರು ತಲುಪುವವರೆಗೆ ಹರಿಯುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದು ಬಳಸಿಕೊಳ್ಳುವುದು ಒಳಿತು.

ಅಳವಡಿಕೆಗೆ ಮುನ್ನ

ಅ) ಹಿಂದಿನ 12 ತಿಂಗಳ ವಿದ್ಯುತ್ ಬಿಲ್‌ಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯಿರಿ.
ಆ) ಬೆಳಿಗ್ಗೆ 9, ಮಧ್ಯಾಹ್ನ 12 ಹಾಗೂ 3 ಗಂಟೆಗೆ ತಾರಸಿಯ ನೆರಳನ್ನು ಗುರುತು ಮಾಡಿಕೊಳ್ಳಿ.
ಇ) ಫಲಕ ಹಾಗೂ ಇನ್ವರ್ಟರ್‌ಗಳ ಖಾತರಿ ಅವಧಿಯನ್ನು ಪ್ರತ್ಯೇಕವಾಗಿ ಲಿಖಿತದಲ್ಲಿ ಪಡೆಯಿರಿ.
ಈ) ಹಳೆಯ ಬ್ಯಾಟರಿ ಮತ್ತು ಒಡೆದ ಫಲಕಗಳನ್ನು ಕಸದೊಂದಿಗೆ ಹಾಕಬೇಡಿ. 2022ರ ನಿಯಮಗಳ ಪ್ರಕಾರ ಇವುಗಳ ವಿಲೇವಾರಿಗೆ ಪ್ರತ್ಯೇಕ ವ್ಯವಸ್ಥೆಯಿದೆ.

ಸೌರ ವಿದ್ಯುತ್ತಿನಿಂದ ಸಾರ್ವಜನಿಕರನ್ನು ವಿಮುಖರನ್ನಾಗಿಸುವುದು ಈ ಮಾಹಿತಿಯ ಉದ್ದೇಶವಲ್ಲ. ಬಿಸಿಲಿರುವ ತಾರಸಿ ಮತ್ತು ಹೆಚ್ಚಿನ ಬಿಲ್ ಎರಡೂ ಇರುವ ಮನೆಗೆ ಇದು ಲಾಭದಾಯಕ. ಎರಡರಲ್ಲಿ ಒಂದು ಇಲ್ಲದಿದ್ದರೂ ಲೆಕ್ಕ ಹಾಕಿಯೇ ಮುಂದುವರಿಯುವುದು ಕ್ಷೇಮ. ಹೆಚ್ಚಿನ ವಿವರಗಳಿಗೆ ಸಂಬಂಧಪಟ್ಟ ಬೆಸ್ಕಾಂ ಉಪವಿಭಾಗ ಕಚೇರಿಯನ್ನು ಸಂಪರ್ಕಿಸಬಹುದು.