ಯಾವ ನಾಲ್ಕು ಜನ?

ಕನ್ನಡದ ಆಡುಮಾತಿನಲ್ಲಿ ‘ನಾಲ್ಕು’ ಎಂದರೆ ಹೆಚ್ಚಿನ ಸಲ ‘ಕೆಲವು’ ಎಂದೇ ಅರ್ಥ. ನಾಲ್ಕು ಕಾಸು ಕೂಡಿಡುವುದು, ನಾಲ್ಕು ಅಕ್ಷರ ಕಲಿಯುವುದು, ನಾಲ್ಕು ದಿನದ ಬಾಳು: ಇಲ್ಲೆಲ್ಲ ಯಾರೂ ಬೆರಳು ಮಡಚಿ ಎಣಿಸುವುದಿಲ್ಲ. ಆದರೆ ಅದರ ಮುಂದೆ ‘ಜನ’ ಸೇರಿದ ಕೂಡಲೇ ಮಾತಿಗೆ ಭಾರ ಬರುತ್ತದೆ. ನಾಲ್ಕು ಜನ ಮೆಚ್ಚುವಂತೆ ಬಾಳು, ನಾಲ್ಕು ಜನಕ್ಕೆ ಉಪಕಾರವಾಗಲಿ, ನಾಲ್ಕು ಜನರ ಮುಂದೆ ಕೊಟ್ಟ ಮಾತು ಇದು ಎನ್ನುತ್ತೇವೆ. ಸತ್ತಾಗ ಹೊರಲು ನಾಲ್ಕು ಜನ ಬೇಕು ಎನ್ನುವಾಗಲಂತೂ ಅಂದಾಜು ನಿಜವಾದ ಲೆಕ್ಕವೇ ಆಗುತ್ತದೆ, ಏಕೆಂದರೆ ಚಟ್ಟಕ್ಕೆ ಬೇಕಾದದ್ದು ನಾಲ್ಕು ಹೆಗಲು. ಈ ನಾಲ್ವರಿಗೆ ಹೆಸರಿದೆ, ಮುಖವಿದೆ. ಅವರು ನಮ್ಮ ಕಷ್ಟಕ್ಕೆ ಬಂದವರು, ನಮ್ಮ ಮಾತಿಗೆ ಸಾಕ್ಷಿಯಾದವರು. ಇದೇ ಪದಕ್ಕೆ ಇನ್ನೊಂದು ಬಾಳೂ ಇದೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗಿ ಇತಿಹಾಸ ಓದುತ್ತೇನೆಂದಾಗ, ಮಗಳ ಮದುವೆಗೆ ಸಾಲ ಮಾಡುವುದು ಬೇಡವೆಂದು ಅಪ್ಪನಿಗೇ ಅನ್ನಿಸಿದಾಗ, ಗಂಡ ತೀರಿಕೊಂಡ ಹೆಂಗಸು ಹೂ ಮುಡಿಯಬೇಕೆಂದಾಗ ‘ನಾಲ್ಕು ಜನ ಏನಂದಾರು?’ ಎಂಬ ಪ್ರಶ್ನೆ ಏಳುತ್ತದೆ. ಆ ನಾಲ್ವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಹೆಸರಿಲ್ಲದ ಈ ನಾಲ್ವರು ಚಟ್ಟ ಹೊರುವ ನಾಲ್ವರ ಅಧಿಕಾರವನ್ನು ಎರವಲು ಪಡೆದು ನಮ್ಮನ್ನು ಆಳುತ್ತಿದ್ದಾರೆ.

ಆಳುವುದಕ್ಕೆ ದೊಡ್ಡ ಗುಂಪೇನೂ ಬೇಕಿಲ್ಲ. ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1950ರ ದಶಕದಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧ. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದರಷ್ಟೇ ಉದ್ದದ್ದು ಯಾವುದೆಂದು ಕಾಲೇಜು ವಿದ್ಯಾರ್ಥಿಗಳ ಗುಂಪನ್ನು ಕೇಳಲಾಗುತ್ತಿತ್ತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಕೆಲವು ಸುತ್ತುಗಳಲ್ಲಿ ಬೇಕೆಂದೇ ತಪ್ಪು ಉತ್ತರ ಹೇಳುತ್ತಿದ್ದರು. ಅಂಥ ಸುತ್ತುಗಳಲ್ಲಿ ಸುಮಾರು ಮೂರರಲ್ಲಿ ಒಂದು ಸಲ, ಆ ಒಬ್ಬನೂ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ಉತ್ತರವನ್ನೇ ಹೇಳಿದ. ಎದುರಿಗೆ ಒಬ್ಬನೇ ಇದ್ದಾಗ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ. ಇಬ್ಬರಾದಾಗ ಏರಿತು, ಮೂವರಾದಾಗ ಹೆಚ್ಚುಕಡಿಮೆ ಪೂರ್ತಿಯಾಯಿತು. ಅದರಾಚೆಗೆ ಗುಂಪನ್ನು ಹದಿನೈದರವರೆಗೆ ಬೆಳೆಸಿದರೂ ದೊಡ್ಡ ವ್ಯತ್ಯಾಸವಾಗಲಿಲ್ಲ. ನಮ್ಮ ಹಿರಿಯರ ಅಂದಾಜು ಈ ಲೆಕ್ಕಕ್ಕೆ ಎಷ್ಟು ಹತ್ತಿರ! ಅದೇ ಪ್ರಯೋಗದ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ಗುಂಪಿನಲ್ಲಿ ಬೇರೆ ಒಬ್ಬನು ಸರಿಯುತ್ತರ ಹೇಳಿದರೆ ಸಾಕಿತ್ತು, ಗುಂಪಿಗೆ ಮಣಿಯುವುದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇದು ಅಂದಿನ ಅಮೆರಿಕದ ಯುವಕರ ಕಥೆ, ಎಲ್ಲ ಕಾಲಕ್ಕೂ ಎಲ್ಲರಿಗೂ ಹೇಗೆ ಒಪ್ಪುತ್ತದೆ ಎಂದು ಕೇಳುವುದು ನ್ಯಾಯವೇ. 17 ದೇಶಗಳ ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಈ ಮಣಿಯುವಿಕೆ ಕಾಲಕ್ರಮೇಣ ತಗ್ಗಿದೆ. ಕುಟುಂಬ, ಸಮುದಾಯಗಳಿಗೆ ಹೆಚ್ಚು ಬೆಲೆ ಕೊಡುವ ಸಮಾಜಗಳಲ್ಲಿ ಅದು ಹೆಚ್ಚು. ಅಂದಮೇಲೆ ನಮಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು.

ಆಶ್ ಪ್ರಯೋಗದಲ್ಲಿ ಎದುರಿಗೆ ಕೂತವರು ಬಾಯಿಬಿಟ್ಟು ತಪ್ಪು ಹೇಳಿದ್ದರು. ಬದುಕಿನಲ್ಲಿ ಎಷ್ಟೋ ಸಲ ಅವರು ಬಾಯೇ ಬಿಟ್ಟಿರುವುದಿಲ್ಲ. 2020ರಲ್ಲಿ ಪ್ರಕಟವಾದ ಸೌದಿ ಅರೇಬಿಯಾದ ಅಧ್ಯಯನವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಹೆಂಗಸರು ಮನೆಯ ಹೊರಗೆ ದುಡಿಯಬಹುದೆಂದು ರಿಯಾದಿನ ಮದುವೆಯಾದ ಯುವಕರಲ್ಲಿ ಬಹುಪಾಲು ಜನ ಒಳಗೊಳಗೆ ಒಪ್ಪಿದ್ದರು. ಆದರೆ ಒಪ್ಪುವ ಬೇರೆ ಗಂಡಸರ ಸಂಖ್ಯೆಯನ್ನು ಅವರು ನಿಜಕ್ಕಿಂತ ಕಡಿಮೆ ಊಹಿಸಿದ್ದರು. ನಿಜವಾದ ಸಂಖ್ಯೆ ತಿಳಿಸಿದ ಮೇಲೆ, ಹೆಂಡತಿಗೆ ಕೆಲಸ ಹುಡುಕಿಕೊಡುವ ಸೇವೆಗೆ ಹೆಸರು ಬರೆಸಲು ಹೆಚ್ಚು ಮಂದಿ ಮುಂದಾದರು. ಇಲ್ಲಿ ಒಬ್ಬೊಬ್ಬನೂ ಉಳಿದವರಿಗೆ ಅಂಜಿ ಸುಮ್ಮನಿದ್ದ, ಅವನ ಮೌನವೇ ಉಳಿದವರಿಗೆ ಅಂಜಿಕೆಯಾಯಿತು. ಬಹುಪಾಲು ಜನ ನಂಬದ ಕಟ್ಟಳೆಯನ್ನು ಎಲ್ಲರೂ ಕೂಡಿ ಕಾಯುವುದು ಹೀಗೆ. ನಮ್ಮ ಅದ್ದೂರಿ ಮದುವೆಯ ಸಾಲಗಳ ಹಿಂದೆಯೂ ಇಂಥದೇ ಮೌನ ಇರಲಾರದೇ?

ನಾಲ್ಕು ಜನರ ಅಂಜಿಕೆ ಇಲ್ಲದಿದ್ದರೆ ಮನುಷ್ಯ ದಾರಿ ತಪ್ಪುತ್ತಾನೆ ಎಂಬ ಮಾತಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಲಂಚಕ್ಕೆ ಕೈಯೊಡ್ಡಲು ಹಿಂಜರಿಯುವವನನ್ನು, ಕುಡಿದು ಹೆಂಡತಿಯ ಮೇಲೆ ಕೈಯೆತ್ತಲು ಅಳುಕುವವನನ್ನು ತಡೆದದ್ದು ಎಷ್ಟೋ ಸಲ ನೆರೆಹೊರೆಯ ಕಣ್ಣೇ. ಹತ್ತು ಜನ ಹೇಳುವುದರಲ್ಲಿ ಹುರುಳಿರುತ್ತದೆ ಎಂಬ ವಾದವೂ ಬಹುಮಟ್ಟಿಗೆ ಸರಿ. ಆದರೆ ಆ ಹುರುಳು ಬರುವುದು ಎಲ್ಲಿಂದ? ಕ್ರಯಪತ್ರಕ್ಕೆ ಒಬ್ಬರ ಬದಲು ಇಬ್ಬರ ಸಾಕ್ಷಿ ಹಾಕಿಸುವುದು ಪ್ರತಿಯೊಬ್ಬನೂ ತನ್ನ ಕಣ್ಣಾರೆ ಕಂಡಿದ್ದಾನೆ ಎಂಬ ನಂಬಿಕೆಯಿಂದ. ಎರಡನೆಯವನು ಮೊದಲನೆಯವನ ಮುಖ ನೋಡಿ ತಲೆಯಾಡಿಸಿದ್ದರೆ ಇರುವುದು ಒಂದೇ ಸಾಕ್ಷಿ. ನಾಲ್ಕು ಜನರ ಮಾತಿಗೆ ನಾಲ್ಕರ ಬೆಲೆ ಬರಬೇಕಾದರೆ ಆ ನಾಲ್ವರೂ ಸ್ವಂತ ಬುದ್ಧಿಯಿಂದ ಯೋಚಿಸಿರಬೇಕು. ಆದ್ದರಿಂದ ಸ್ವಂತವಾಗಿ ಯೋಚಿಸುವುದು ಸಮಾಜಕ್ಕೆ ಬೆನ್ನು ತಿರುಗಿಸುವುದಲ್ಲ, ಸಮಾಜಕ್ಕೆ ನಾವು ತೀರಿಸಬೇಕಾದ ಋಣ. ಜನ ಹೇಳಿದ್ದಕ್ಕೆಲ್ಲ ಉಲ್ಟಾ ಹೊಡೆಯುವುದು ಈ ಋಣವನ್ನು ತೀರಿಸಲಾರದು. ಎಡಕ್ಕೆ ಎಂದಾಗಲೆಲ್ಲ ಬಲಕ್ಕೆ ಹೋಗುವವನ ದಾರಿಯನ್ನೂ ಆ ನಾಲ್ವರೇ ಗೊತ್ತುಮಾಡುತ್ತಾರೆ.

ಕುವೆಂಪು ಯುವಜನರಿಗೆ ‘ನಿರಂಕುಶಮತಿ’ಗಳಾಗಿ ಎಂದು ಕರೆಕೊಟ್ಟರು. ಮಾವುತನ ಅಂಕುಶ ತಾಗದ ಮನಸ್ಸು ಅದು. ಅವರು ರೂಪಿಸಿದ ಮಂತ್ರಮಾಂಗಲ್ಯ ಎಂಬ ಮದುವೆಯ ಪದ್ಧತಿಯಲ್ಲಿ ಆ ಮನಸ್ಸು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಕಾಣುತ್ತದೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲೇ ಆಯಿತು. ವರದಕ್ಷಿಣೆ, ಆಡಂಬರ, ಪುರೋಹಿತ, ಮುಹೂರ್ತ ಅದರಲ್ಲಿಲ್ಲ. ಆದರೆ ವಧೂವರರು ಪ್ರತಿಜ್ಞೆ ಮಾಡುವುದು ಬಂದವರ ಎದುರಿನಲ್ಲಿ. ಏನಂದಾರೋ ಎಂಬ ಹೆಸರಿಲ್ಲದ ನಾಲ್ವರನ್ನು ಹೊರಗಿಟ್ಟು, ಸಾಕ್ಷಿಯಾಗುವ ನಾಲ್ವರನ್ನು ಒಳಗೆ ಕರೆದ ಮದುವೆ ಅದು. ನಾವೂ ಮಾಡಬೇಕಾದ ಆಯ್ಕೆ ಇದೇ. ‘ನಾಲ್ಕು ಜನ ಏನಂದಾರು’ ಎಂಬ ಮಾತು ಮನೆಯಲ್ಲಿ ಎದ್ದಾಗ ಆ ನಾಲ್ವರ ಹೆಸರು ಹೇಳಿಸಬೇಕು. ಹೆಸರು ಸಿಕ್ಕರೆ ಹೋಗಿ ಅವರನ್ನೇ ಕೇಳಬೇಕು, ಅವರ ಕಾರಣಗಳನ್ನು ತೂಗಬೇಕು. ಸಿಗದಿದ್ದರೆ ಆ ಅಂಜಿಕೆಗೆ ಮಗಳ ಓದನ್ನೋ ಮನೆಯ ನೆಮ್ಮದಿಯನ್ನೋ ಬಲಿಕೊಡಬಾರದು. ಇನ್ನೊಂದು ಹೊಣೆ ಇದಕ್ಕಿಂತ ದೊಡ್ಡದು: ಬೇರೆ ಯಾರದೋ ಮನೆಯಲ್ಲಿ ಆ ನಾಲ್ವರಲ್ಲಿ ಒಬ್ಬರಾಗಿ ನಾವೂ ಎಣಿಕೆಯಾಗಿರುತ್ತೇವೆ. ನಮಗೆ ಸರಿ ಕಂಡದ್ದನ್ನು ನಾವು ಬಾಯಿಬಿಟ್ಟು ಹೇಳಿದರೆ ಅಲ್ಲಿ ಅಂಜಿ ಕೂತ ಒಬ್ಬರಿಗೆ ಜೊತೆಗಾರರು ಸಿಕ್ಕಂತೆ. ಮಣಿಯದಿರಲು ಮನುಷ್ಯನಿಗೆ ಬೇಕಾದದ್ದು ಬಹಳ ಸಲ ಅಂಥ ಒಬ್ಬ ಜೊತೆಗಾರ ಮಾತ್ರ.