ಮುಂದಿನ ಸಂಚಿಕೆ ಎಂದು?

1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ ಒಂಬತ್ತನೆಯ ಕಲಮು ಪತ್ರಿಕೆಯೆಂದರೆ ಏನೆಂಬುದನ್ನು ಬಹಳ ಕಡಿಮೆ ಮಾತಿನಲ್ಲಿ ಹೇಳಿತ್ತು. ಅದರಲ್ಲಿ ಸುದ್ದಿಯೋ ಪ್ರಚಲಿತ ವಿಷಯಗಳ ಲೇಖನಗಳೋ ಪ್ರಧಾನವಾಗಿರಬೇಕು. ಎರಡು ಸಂಚಿಕೆಗಳ ನಡುವಿನ ಅಂತರ 31 ದಿನಗಳನ್ನು ಮೀರಬಾರದು. ನಿಜವಾದ ಚಂದಾದಾರರ ಪಟ್ಟಿಯೊಂದು ಇರಬೇಕು. ಈ ಷರತ್ತುಗಳನ್ನು ಪೂರೈಸಿ ನೋಂದಾಯಿಸಿಕೊಂಡವರಿಗೆ ಅಂಚೆಯ ದರದಲ್ಲಿ ರಿಯಾಯಿತಿ ಸಿಗುತ್ತಿತ್ತು. ಬರಹ ಚೆನ್ನಾಗಿರಬೇಕೆಂದು ಕಾಯಿದೆ ಎಲ್ಲಿಯೂ ಕೇಳಲಿಲ್ಲ. ಅದು ಕೇಳಿದ್ದು ದಿನಾಂಕವನ್ನು ಮತ್ತು ವಿಳಾಸವನ್ನು. 2024ರ ಜೂನ್ ತಿಂಗಳಲ್ಲಿ ಹೊಸ ಅಂಚೆ ಕಾಯಿದೆ ಜಾರಿಗೆ ಬಂದು ಹಳೆಯದು ನಿವೃತ್ತವಾಯಿತು. ಆದರೆ ನಿಗಡಿಯಲ್ಲಿ ಕುಳಿತು ತಿಂಗಳಿಗೊಂದು ಮಿಂಚಂಚೆಯ ಪತ್ರವನ್ನು ಕನ್ನಡ ಓದುಗರಿಗೆ ಕಳುಹಿಸಬೇಕೆಂದು ಯೋಚಿಸುತ್ತಿರುವ ನಮ್ಮಂಥವರಿಗೆ ಆ ಹಳೆಯ ಕಲಮಿನಷ್ಟು ಸ್ಪಷ್ಟವಾದ ಮಾರ್ಗದರ್ಶನ ಬೇರೆಲ್ಲಿಯೂ ದೊರೆತಿಲ್ಲ.

ಪತ್ರಿಕೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಂಪಾದಕರ ಚರಿತ್ರೆಯಾಗಿ ಓದುತ್ತೇವೆ. ಅದನ್ನು ಪಂಚಾಂಗದ ಚರಿತ್ರೆಯಾಗಿಯೂ ಓದಬಹುದು. ಹರ್ಮನ್ ಮೋಗ್ಲಿಂಗ್ ಅವರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಪಾಕ್ಷಿಕವಾಗಿ ಹೊರಟಿತು. ಅಚ್ಚಾದದ್ದು ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ. ಕಲ್ಲಚ್ಚೆಂದರೆ ಪುಟ ಪುಟವನ್ನೂ ಮೊದಲು ಕೈಯಲ್ಲಿ ಬರೆಯಬೇಕು. ಜಿಡ್ಡಿನ ಶಾಯಿಯ ಆ ಬರಹ ಕಲ್ಲಿನ ಮೇಲೆ ಇಳಿಯಬೇಕು. ಹದಿನೈದು ದಿನಗಳ ಅವಧಿಯನ್ನು ಆರಿಸಿಕೊಂಡವರಿಗೆ ಬರೆಯುವ ಕೈ ಎಷ್ಟು ವೇಗವಾಗಿ ಓಡಬಲ್ಲುದೆಂಬ ಅಂದಾಜು ಇದ್ದಿರಲೇಬೇಕು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ, ಅಚ್ಚುಮೊಳೆಗಳ ಆಸರೆ ಪಡೆದು, 'ಕನ್ನಡ ಸಮಾಚಾರ'ವಾಯಿತು. ಇಂದು ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ದಿನದ ಭಾಷಣಗಳಲ್ಲಿ ಮೋಗ್ಲಿಂಗರ ಹೆಸರು ಬರುತ್ತದೆ, ಪುಟಗಳನ್ನು ಬರೆದ ಕೈಯ ಮಾತು ಬರುವುದಿಲ್ಲ.

ನಾವಿರುವ ಪುಣೆಯ ಕಡೆಗೆ ಬರೋಣ. 1877ರಲ್ಲಿ ವಿ.ಪಿ.ಪಿ., 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡು, 1880ರಲ್ಲಿ ಅಂಚೆಯ ಮನಿಯಾರ್ಡರು. ನಾಲ್ಕು ವರ್ಷಗಳೊಳಗೆ ನಮ್ಮ ದೇಶದಲ್ಲಿ ಚಂದಾ ಕೇಳುವ, ಚಂದಾ ಕಳಿಸುವ, ಸಂಚಿಕೆ ಬರಲಿಲ್ಲವೆಂದು ದೂರು ಬರೆಯುವ ಮೂರು ದಾರಿಗಳೂ ತೆರೆದುಕೊಂಡವು. ಮುಂಬಯಿಯ ರೈಲು ಪುಣೆಗೆ ಬೋರ್ ಘಾಟು ಹತ್ತಿ ನೇರವಾಗಿ ಬರತೊಡಗಿದ್ದು 1863ರಲ್ಲಿ. ಇಂದಿಗೂ ಆ ಹಳಿ ನಮ್ಮ ಆಕುರ್ಡಿಯ ಮೂಲಕವೇ ಹಾದುಹೋಗುತ್ತದೆ. ಇವೆಲ್ಲ ಸಿದ್ಧವಾದ ಮೇಲೆ, 1881ರ ಜನವರಿ 2ರ ಭಾನುವಾರ ಇಂಗ್ಲಿಷಿನ 'ಮರಾಠಾ' ಹೊರಟಿತು, 4ರ ಮಂಗಳವಾರ ಮರಾಠಿಯ 'ಕೇಸರಿ'. ಒಂದೇ ಬಳಗ, ಎರಡು ಭಾಷೆ, ವಾರದಲ್ಲಿ ಎರಡು ಬೇರೆ ಬೇರೆ ದಿನ. ತಿಲಕರು, ಆಗರ್ಕರರು ಬರೆದದ್ದರ ತೇಜಸ್ಸನ್ನು ಎಲ್ಲರೂ ಬಲ್ಲರು. ಆದರೆ ಮಂಗಳವಾರವೆಂದರೆ ಕೇಸರಿ ಎಂಬುದು ಓದುಗನಿಗೆ ರೂಢಿಯಾದದ್ದೂ ಅದರ ಶಕ್ತಿಯ ಒಂದು ಪಾಲೆಂದು ನಮ್ಮ ಎಣಿಕೆ. ಬರುವ ದಿನ ತಿಳಿದಿದ್ದರೆ ಓದುಗ ಕಾಯುತ್ತಾನೆ. ಕಾಯುವವನು ಓದದೆ ಬಿಡುವುದು ಕಡಿಮೆ.

ಇದೇ ಊರಿನಲ್ಲಿ ಇದಕ್ಕಿಂತ ಕಠಿಣವಾದ ಪ್ರಯೋಗವೊಂದು 1933ರಲ್ಲಿ ನಡೆಯಿತು. ಆ ವರ್ಷದ ಫೆಬ್ರವರಿ 11ರ ಶನಿವಾರ 'ಹರಿಜನ' ವಾರಪತ್ರಿಕೆ ಪುಣೆಯಿಂದ ಹೊರಟಾಗ ಅದರ ಮುಖ್ಯ ಬರಹಗಾರರು ಯರವಡಾ ಜೈಲಿನಲ್ಲಿದ್ದರು. ಗಾಂಧೀಜಿ ಜಾಹೀರಾತುಗಳನ್ನು ಒಲ್ಲೆನೆಂದರು. ಹಾಗಾಗಿ ಪತ್ರಿಕೆ ನಿಲ್ಲಬೇಕಾದದ್ದು ಓದುಗರ ಹಣದ ಮೇಲೆಯೇ. ಸೆರೆಮನೆಯ ಗೋಡೆಯೊಳಗಿನಿಂದ ವಾರ ವಾರವೂ ಬರಹ ಮುದ್ರಣಾಲಯ ಮುಟ್ಟಬೇಕಾದರೆ ಶನಿವಾರದ ಸಂಚಿಕೆಗೆ ಶುಕ್ರವಾರ ಬರೆಯುವ ವೈಭವ ಇರುವುದಿಲ್ಲ. ಕಚೇರಿ ಮುಗಿಸಿ ಮನೆಗೆ ಬಂದ ಮೇಲೆ ಸಮಯವೇ ಸಿಗುವುದಿಲ್ಲವೆನ್ನುವ ನಮ್ಮ ಗೆಳೆಯರಿಗೆ ಈ ಉದಾಹರಣೆ ಹೇಳಿದರೆ ಅವರು ನಗುತ್ತಾರೆ. ಗಾಂಧಿಯವರಿಗೆ ಪಿಂಪ್ರಿಯ ಸಂಚಾರದಟ್ಟಣೆ ಇರಲಿಲ್ಲವಲ್ಲ ಎನ್ನುತ್ತಾರೆ. ಅದೂ ನಿಜವೇ.

ಕನ್ನಡದ ಸಾಹಿತ್ಯ ಪತ್ರಿಕೆಗಳ ಕಾಲಮಾನವೇ ಬೇರೆ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' 1896ರದು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಹೋದ ಆಲೂರು ವೆಂಕಟರಾಯರು 'ಜಯ ಕರ್ನಾಟಕ'ವನ್ನು ಹೊರತಂದದ್ದು 1922ರಲ್ಲಿ. 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಮೂವರು ಸೇರಿ 'ಸಂಕ್ರಮಣ' ಆರಂಭಿಸಿದರು. ಅಡಿಗರ 'ಸಾಕ್ಷಿ', ಅನಂತಮೂರ್ತಿಯವರ 'ರುಜುವಾತು', ಈ ಶತಮಾನದಲ್ಲಿ ವಿವೇಕ ಶಾನಭಾಗರ 'ದೇಶ ಕಾಲ' ಇವು ತ್ರೈಮಾಸಿಕಗಳು. ವಿಮರ್ಶೆಗೆ, ದೀರ್ಘ ಕತೆಗೆ ಮೂರು ತಿಂಗಳ ಅವಧಿ ಪ್ರಾಮಾಣಿಕವಾದದ್ದು. ಆದರೆ ಮೂರು ತಿಂಗಳು ಅಂಚೆ ಕಾಯಿದೆಯ 31 ದಿನಗಳೊಳಗೆ ಬರುವುದಿಲ್ಲ. ಸಾಹಿತ್ಯದ ಲಯಕ್ಕೂ ರಿಯಾಯಿತಿಯ ಲಯಕ್ಕೂ ಹೊಂದಿಕೆಯಿಲ್ಲದೆ ಹೋಯಿತೆನ್ನಬೇಕು.

ಮಾಸ್ತಿಯವರ 'ಜೀವನ'ದ ಮಾತು ನಮಗೆ ಇನ್ನೂ ಹತ್ತಿರದ್ದು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಸರ್ಕಾರಿ ನೌಕರಿ ಹಿಡಿದ ಅವರು 1943ರಲ್ಲಿ ಮೈಸೂರು ಸಂಸ್ಥಾನದ ಸೇವೆಯನ್ನು ಬಿಟ್ಟರು. ಮಾಸಪತ್ರಿಕೆಯ ಸಂಪಾದಕತ್ವ ವಹಿಸಿದ್ದು ಆಮೇಲೆ, ನಡೆಸಿದ್ದು ಸುಮಾರು ಎರಡು ದಶಕ. ಅದೇ ಪದವಿ, ಅದೇ ಬಗೆಯ ನೌಕರಿ ಇರುವವರಿಗೆ ಈ ಅನುಕ್ರಮ ಗಮನಿಸತಕ್ಕದ್ದು. ಕೇಂದ್ರ ಸರ್ಕಾರದ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳಲ್ಲಿ ಎಂಟನೆಯದು, ಪೂರ್ವಾನುಮತಿಯಿಲ್ಲದೆ ಯಾವುದೇ ನಿಯತಕಾಲಿಕದ ಒಡೆತನ, ಸಂಪಾದನೆ, ನಿರ್ವಹಣೆಯಲ್ಲಿ ತೊಡಗಬಾರದೆನ್ನುತ್ತದೆ. ಎಲೆಕ್ಟ್ರಾನಿಕ್ ಮಾಧ್ಯಮಕ್ಕೂ ಅದು ಸಲ್ಲುತ್ತದೆ. ಆದ್ದರಿಂದ ನಮ್ಮ ಯೋಜನೆಯ ಮೊದಲ ಬರಹ ಸಂಪಾದಕೀಯವಲ್ಲ, ಅರ್ಜಿ.

ಕಾಗದ ಬಿಟ್ಟು ಕಂಪ್ಯೂಟರಿಗೆ ಬಂದ ಮೇಲೆ ಕನ್ನಡದ ಪತ್ರಕ್ಕೆ ಬೇರೊಂದು ಘಾಟು ಎದುರಾಯಿತು. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸಿತು. ಆದರೆ ಕಳುಹಿಸುವವನ ಫಾಂಟು ಪಡೆಯುವವನಲ್ಲಿ ಇಲ್ಲದಿದ್ದರೆ ಕನ್ನಡ ಪತ್ರ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತಿತ್ತು. ಅನೇಕರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ತೃಪ್ತರಾದರು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಸಾಮಾನ್ಯ ಓದುಗನ ಯಂತ್ರದಲ್ಲಿ ಅದು ಕಾಣತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ತುಂಗಾ ಫಾಂಟಿನ ನಂತರ. ಈಗ ಕೈಯಲ್ಲಿರುವ ಫೋನು ಓದುತ್ತದೆ. ಜಿಮೇಲ್ 2019ರಿಂದ ಮುಂಗಡವಾಗಿ ದಿನಾಂಕ, ವೇಳೆ ಗೊತ್ತುಮಾಡಿ ಇಡುವ ಅನುಕೂಲವನ್ನೂ ಕೊಟ್ಟಿದೆ.

ಹಾಗಾದರೆ ಯಾವ ದಿನ? ಇಲ್ಲಿ ನಿಗಡಿಯ ಪಂಚಾಂಗ ನೋಡಲೇಬೇಕು. ದೇಹುವಿನಿಂದ ತುಕಾರಾಮರ ಪಾಲಖಿ ಹೊರಟು ಆಕುರ್ಡಿಯಲ್ಲಿ ಬೀಡು ಬಿಡುವ ದಿನ ಭಕ್ತಿ-ಶಕ್ತಿ ಚೌಕದಲ್ಲಿ ಹೆಜ್ಜೆಯಿಡಲು ಜಾಗವಿರುವುದಿಲ್ಲ, ಪತ್ರ ತೆರೆಯುವವರಾರು? ಗಣೇಶೋತ್ಸವದ ಹತ್ತು ದಿನ ಬೇಡ. ಮಾರ್ಚ್ ತಿಂಗಳ ಕೊನೆಯ ವಾರ ಕಚೇರಿಯ ಲೆಕ್ಕಪತ್ರಗಳದ್ದು. ಇವನ್ನು ಕಳೆದು, ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಏಳು ಗಂಟೆ ಎಂಬ ಒಮ್ಮತಕ್ಕೆ ಬಂದಿದ್ದೇವೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಶುಕ್ರವಾರ ಸಂಜೆ. ಅಲ್ಲಿರುವ ಮಕ್ಕಳ ಮನೆಗೆ ಹೋಗಿರುವ ಹಿರಿಯರಿಗೂ ಅದು ಬಿಡುವಿನ ಹೊತ್ತು. ವಾರಕ್ಕೊಮ್ಮೆ ಬೇಕೆಂದ ಉತ್ಸಾಹಿಗಳಿದ್ದರು. ವರ್ಷಕ್ಕೆ 52 ಸಂಚಿಕೆಗಳು ಅದಕ್ಕಾಗಿಯೇ ಬದುಕುವವರ ಕೆಲಸ. ಹನ್ನೆರಡು ಸಾಕು, ಅದರಲ್ಲಿಯೂ ಮೂರು ಸಂಚಿಕೆಗಳ ಸಾಮಗ್ರಿ ಕೈಯಲ್ಲಿರದೆ ಮೊದಲನೆಯದನ್ನು ಕಳುಹಿಸಕೂಡದು. ಬರಹ ತಿಂಗಳ ಮೊದಲ ತಾರೀಖಿಗೆ ಬರಬೇಕು, ಕರಡು ತಿದ್ದುವುದು ಬುಧವಾರಕ್ಕೆ ಮುಗಿಯಬೇಕು.

ಉಳಿದದ್ದು ಪಟ್ಟಿ. ಕಾರ್ಖಾನೆಗಳ ಕೆಲಸಕ್ಕೆಂದು ಬೆಳಗಾವಿ, ವಿಜಯಪುರ, ಕಲಬುರಗಿಗಳಿಂದ ಇಲ್ಲಿಗೆ ಬಂದ ತಲೆಮಾರು ನಿವೃತ್ತವಾಗಿದೆ. ಕೆಲವರು ಊರಿಗೆ ಮರಳಿದ್ದಾರೆ, ಕೆಲವರು ಇಲ್ಲ. ಅವರ ಮಕ್ಕಳು ಕನ್ನಡ ಮಾತಾಡುತ್ತಾರೆ, ಮರಾಠಿ ಓದುತ್ತಾರೆ. ಯಾರನ್ನೂ ಕೇಳದೆ ಪಟ್ಟಿಗೆ ಸೇರಿಸಬಾರದು, ಬೇಡವೆಂದವರ ಹೆಸರನ್ನು ಅಂದೇ ತೆಗೆಯಬೇಕು, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು ಎಂಬಷ್ಟನ್ನು ಬರೆದಿಟ್ಟುಕೊಂಡಿದ್ದೇವೆ. ಆದರೆ ತೀರಿಕೊಂಡವರ ವಿಳಾಸವನ್ನು ಏನು ಮಾಡಬೇಕೆಂಬ ಪ್ರಶ್ನೆ ಹೋದ ಸಭೆಯಲ್ಲಿ ಬಂತು. ಹಳೆಯ ಮಾಸಪತ್ರಿಕೆಗಳಿಗೆ ಆ ಸುದ್ದಿಯನ್ನು ಅಂಚೆಯವನೇ ತರುತ್ತಿದ್ದ; ಹಿಂದಿರುಗಿದ ಸಂಚಿಕೆಯ ಮೇಲೆ ಒಂದು ಷರಾ ಇರುತ್ತಿತ್ತು. ಮಿಂಚಂಚೆ ಹಿಂದಿರುಗುವುದಿಲ್ಲ, ಹೋಗಿ ಸೇರಿಯೇಬಿಡುತ್ತದೆ. ಕೆಲವು ಮನೆಗಳಲ್ಲಿ ಆ ಪೆಟ್ಟಿಗೆಯನ್ನು ಮಗಳೋ ಸೊಸೆಯೋ ತೆರೆದು ನೋಡುತ್ತಾರಂತೆ. ಅಂಥ ಹೆಸರುಗಳನ್ನು ಮನೆಯವರು ಹೇಳುವವರೆಗೆ ತೆಗೆಯುವುದು ಬೇಡವೆಂದು ಆ ಸಭೆಯಲ್ಲಿ ತೀರ್ಮಾನವಾಯಿತು.