ತೂಕ ಇಳಿಕೆಯ ಔಷಧ ಚಿಕಿತ್ಸೆಯಲ್ಲಿ ವ್ಯಾಯಾಮ ಮತ್ತು ಪ್ರೇರಣೆ

ತೂಕ ಇಳಿಕೆಯ ಔಷಧ ಚಿಕಿತ್ಸೆಯಲ್ಲಿ ವ್ಯಾಯಾಮದ ಪ್ರೇರಣೆ ಎಂಬುದು ಬೊಜ್ಜಿಗೆ ವೈದ್ಯರ ಸಲಹೆಯಂತೆ ಔಷಧ ಪಡೆಯುತ್ತಿರುವವರು ದೈಹಿಕ ಚಟುವಟಿಕೆಯನ್ನು ಆರಂಭಿಸಿ, ಬಿಡದೆ ಮುಂದುವರಿಸಿಕೊಂಡು ಹೋಗುವುದಕ್ಕೆ ಸಂಬಂಧಿಸಿದ ವಿಷಯವಾಗಿದೆ. ಔಷಧದಿಂದಲೇ ತೂಕ ಇಳಿಯುತ್ತಿರುವಾಗ ವ್ಯಾಯಾಮ ಅನಗತ್ಯವೆಂದು ತೋರುವುದು ಸಹಜ. ಆದರೆ ಇಳಿದ ತೂಕದಲ್ಲಿ ಕೊಬ್ಬಿನ ಪಾಲೆಷ್ಟು, ಸ್ನಾಯುವಿನ ಪಾಲೆಷ್ಟು ಎಂಬುದೂ, ಔಷಧ ನಿಂತ ಮೇಲೆ ತೂಕ ಎಷ್ಟು ಮರಳುತ್ತದೆ ಎಂಬುದೂ ಬಹುಮಟ್ಟಿಗೆ ವ್ಯಾಯಾಮವನ್ನು ಅವಲಂಬಿಸಿವೆ. ಈ ಲೇಖನವು ವಿಷಯವನ್ನು ಸಾಮಾನ್ಯವಾಗಿಯೂ, ಕರ್ನಾಟಕದ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಯ ಹವಾಮಾನ ಹಾಗೂ ಜೀವನಕ್ರಮದ ಹಿನ್ನೆಲೆಯಲ್ಲಿಯೂ ವಿವರಿಸುತ್ತದೆ.

ಔಷಧಗಳು

ಈಗ ಹೆಚ್ಚು ಬಳಕೆಯಲ್ಲಿರುವವು ಜಿಎಲ್‌ಪಿ-1 ಎಂಬ ಕರುಳಿನ ಹಾರ್ಮೋನನ್ನು ಅನುಕರಿಸುವ ಚುಚ್ಚುಮದ್ದುಗಳು. ಇವು ಮೆದುಳಿನಲ್ಲಿ ಹಸಿವಿನ ಭಾವನೆಯನ್ನು ತಗ್ಗಿಸುತ್ತವೆ. ಹೊಟ್ಟೆಯಿಂದ ಆಹಾರ ಕರುಳಿಗೆ ಸಾಗುವುದನ್ನು ನಿಧಾನಗೊಳಿಸುತ್ತವೆ. ಲಿರಾಗ್ಲುಟೈಡನ್ನು ದಿನಕ್ಕೊಮ್ಮೆ, ಸೆಮಗ್ಲುಟೈಡನ್ನು ವಾರಕ್ಕೊಮ್ಮೆ ಪಡೆಯಬೇಕು. ಟಿರ್ಜೆಪಟೈಡ್ ಕೂಡ ವಾರಕ್ಕೊಮ್ಮೆಯದೇ. ಅದು ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಗ್ರಾಹಕದ ಮೇಲೂ ಕೆಲಸ ಮಾಡುತ್ತದೆ. ಭಾರತದ ಮಾರುಕಟ್ಟೆಗೆ ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿಯೂ, ತೂಕ ಇಳಿಕೆಗೆಂದೇ ಇರುವ ಸೆಮಗ್ಲುಟೈಡ್ 2025ರ ಜೂನ್‌ನಲ್ಲಿ ವೆಗೋವಿ ಎಂಬ ಹೆಸರಿನಲ್ಲಿಯೂ ಬಂದವು. ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ.

2021ರಲ್ಲಿ ಪ್ರಕಟವಾದ ಸ್ಟೆಪ್-1 ಪ್ರಯೋಗದಲ್ಲಿ 1,961 ಮಂದಿ ಭಾಗವಹಿಸಿದ್ದರು. 68 ವಾರಗಳಲ್ಲಿ ಸೆಮಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇ. 14.9ರಷ್ಟು, ಹುಸಿಮದ್ದು ಪಡೆದವರದು ಶೇ. 2.4ರಷ್ಟು ಇಳಿಯಿತು. ಸುದ್ದಿಗಳಲ್ಲಿ ಹೆಚ್ಚಾಗಿ ಕಾಣೆಯಾಗುವ ಒಂದು ಅಂಶವೆಂದರೆ, ಎರಡೂ ಗುಂಪುಗಳಿಗೆ ಆಹಾರ ಕಡಿತದ ಜೊತೆಗೆ ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆಯ ಸಲಹೆಯನ್ನೂ ನೀಡಲಾಗಿತ್ತು.

ಭಾರತೀಯರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಅಪಾಯ ಕಾಣಿಸಿಕೊಳ್ಳುವುದರಿಂದ, 2009ರ ತಜ್ಞರ ಒಮ್ಮತದ ಪ್ರಕಾರ ಭಾರತೀಯರಿಗೆ ದೇಹತೂಕ ಸೂಚ್ಯಂಕ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆಯ ಮಿತಿ ಪುರುಷರಿಗೆ 90 ಸೆಂ.ಮೀ., ಮಹಿಳೆಯರಿಗೆ 80 ಸೆಂ.ಮೀ.

ವ್ಯಾಯಾಮದ ಅಗತ್ಯ

ತೂಕ ಯಾವ ವಿಧಾನದಿಂದ ಇಳಿದರೂ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಸ್ಟೆಪ್-1ರಲ್ಲಿ ಭಾಗವಹಿಸಿದವರ ಪೈಕಿ 140 ಮಂದಿಯ ದೇಹವನ್ನು ಎಕ್ಸ್-ರೇ ಸ್ಕ್ಯಾನ್ ಮೂಲಕ ಅಳೆದಾಗ, ಇಳಿದ ತೂಕದ ಸುಮಾರು ಶೇ. 40ರಷ್ಟು ಕೊಬ್ಬಲ್ಲದ ಭಾಗವೆಂದು ಕಂಡುಬಂದಿತು. ಯುವಕರಿಗೆ ಇದು ದೊಡ್ಡ ತೊಂದರೆಯಾಗದೆ ಹೋಗಬಹುದು. ಅರವತ್ತು ದಾಟಿದವರ ವಿಷಯ ಬೇರೆ. ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಎಡವಿದಾಗ ಸಾವರಿಸಿಕೊಳ್ಳುವುದು ಇವೆಲ್ಲ ತೊಡೆಯ ಸ್ನಾಯುವನ್ನೇ ನೆಚ್ಚಿಕೊಂಡಿವೆ.

ಔಷಧ ಮತ್ತು ವ್ಯಾಯಾಮವನ್ನು ನೇರವಾಗಿ ಹೋಲಿಸಿದ ಪ್ರಮುಖ ಅಧ್ಯಯನ ಡೆನ್ಮಾರ್ಕಿನದು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 195 ಮಂದಿ ಮೊದಲ ಎಂಟು ವಾರ ಕಟ್ಟುನಿಟ್ಟಿನ ಆಹಾರದಿಂದ ಸರಾಸರಿ 13.1 ಕಿ.ಗ್ರಾಂ. ಇಳಿಸಿಕೊಂಡರು. ನಂತರದ ಒಂದು ವರ್ಷ ಒಂದು ಗುಂಪಿಗೆ ವ್ಯಾಯಾಮ, ಇನ್ನೊಂದಕ್ಕೆ ಲಿರಾಗ್ಲುಟೈಡ್, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಹುಸಿಮದ್ದು. ವರ್ಷದ ಕೊನೆಗೆ ಹುಸಿಮದ್ದಿನ ಗುಂಪಿಗೆ ಹೋಲಿಸಿದರೆ ವ್ಯಾಯಾಮದ ಗುಂಪು 4.1, ಔಷಧದ ಗುಂಪು 6.8, ಎರಡನ್ನೂ ಪಡೆದ ಗುಂಪು 9.5 ಕಿ.ಗ್ರಾಂ. ಕಡಿಮೆ ತೂಗುತ್ತಿದ್ದವು. ದೇಹದ ಕೊಬ್ಬಿನ ಪ್ರಮಾಣ ಎರಡೂ ಪಡೆದವರಲ್ಲಿ ಉಳಿದ ಒಂದೊಂದು ಚಿಕಿತ್ಸೆಗಿಂತ ಸರಿಸುಮಾರು ಇಮ್ಮಡಿ ಇಳಿದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಚಟುವಟಿಕೆಯನ್ನೂ, ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸುತ್ತದೆ. ನಮ್ಮಲ್ಲಿ ವಾಕಿಂಗ್ ಎಂದರೆ ಎಲ್ಲರಿಗೂ ಗೊತ್ತು. ಮಾರ್ಗಸೂಚಿಯ ಎರಡನೆಯ ಭಾಗ ಮರೆತೇಹೋಗುತ್ತದೆ. ತೂಕ ಇಳಿಸುವ ಔಷಧ ಪಡೆಯುವವರಿಗೆ ಮಿಗಿಲಾದದ್ದು ಆ ಎರಡನೆಯ ಭಾಗವೇ.

ಪ್ರೇರಣೆ ಕುಗ್ಗಲು ಕಾರಣಗಳು

ಮೊದಲ ಕಾರಣ ಔಷಧದ ಯಶಸ್ಸೇ. ಕುಳಿತಲ್ಲೇ ತೂಕ ಇಳಿಯುವಾಗ ಬೆವರು ಸುರಿಸುವುದೇಕೆ ಎನಿಸುತ್ತದೆ. ಎರಡನೆಯದು ನಿಶ್ಶಕ್ತಿ. ಊಟ ಅರ್ಧಕ್ಕಿಳಿದಾಗ ದೇಹಕ್ಕೆ ಸಿಗುವ ಶಕ್ತಿಯೂ ಇಳಿಯುತ್ತದೆ. ಇದರ ಮೇಲೆ ವಾಕರಿಕೆ, ಹೊಟ್ಟೆಯುಬ್ಬರ, ಮಲಬದ್ಧತೆಗಳು ಸೇರುತ್ತವೆ. ಸೆಮಗ್ಲುಟೈಡನ್ನು 0.25 ಮಿ.ಗ್ರಾಂ.ನಿಂದ ಆರಂಭಿಸಿ ನಾಲ್ಕು ವಾರಕ್ಕೊಮ್ಮೆ ಏರಿಸುತ್ತ ಹೋಗುವುದರಿಂದ, ಪ್ರತಿ ಏರಿಕೆಯ ಬಳಿಕ ಈ ತೊಂದರೆಗಳು ಹೆಚ್ಚಾಗಿ ಕಾಣಿಸುತ್ತವೆ. ಕೆಲವು ತಿಂಗಳ ನಂತರ ತಕ್ಕಡಿಯ ಮುಳ್ಳು ನಿಂತಲ್ಲೇ ನಿಲ್ಲುವ ಘಟ್ಟವೂ ಬರುತ್ತದೆ. ತೂಕವೊಂದನ್ನೇ ಗುರಿಯಾಗಿಟ್ಟುಕೊಂಡವರು ವ್ಯಾಯಾಮ ಕೈಬಿಡುವುದು ಆಗಲೇ.

ಪ್ರೇರಣೆಯನ್ನು ಉಳಿಸಿಕೊಳ್ಳುವ ಕ್ರಮಗಳು

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನೋವಿಜ್ಞಾನಿಗಳು ರೂಪಿಸಿದ ಸ್ವನಿರ್ಣಯ ಸಿದ್ಧಾಂತದ ಪ್ರಕಾರ, ಹೊರಗಿನ ಒತ್ತಡಕ್ಕಿಂತ ಸ್ವಂತ ಆಯ್ಕೆ, ತನ್ನಿಂದಾಗುತ್ತದೆಂಬ ಅನುಭವ ಮತ್ತು ಜನರೊಡನೆಯ ನಂಟು ಇವು ಮೂರೂ ಪ್ರೇರಣೆಯನ್ನು ಹೆಚ್ಚು ಕಾಲ ಉಳಿಸುತ್ತವೆ. ಆದ್ದರಿಂದ ತೂಕದ ಬದಲು ಸಾಮರ್ಥ್ಯವನ್ನು ಅಳೆಯುವುದು ಉಪಯುಕ್ತ. ಕೈ ಊರದೆ ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಬಾರಿ ಏಳಬಹುದು, ಕೊಡ ಎತ್ತಿಕೊಂಡು ನಿಲ್ಲದೆ ಎಷ್ಟು ದೂರ ನಡೆಯಬಹುದು, ಸೊಂಟಪಟ್ಟಿಯ ಯಾವ ತೂತಿಗೆ ಕೊಕ್ಕೆ ಬೀಳುತ್ತಿದೆ ಎಂಬ ಅಳತೆಗಳು ತಕ್ಕಡಿ ನಿಂತಾಗಲೂ ಮುಂದುವರಿಯುತ್ತವೆ.

ಅಭ್ಯಾಸ ಬೇರೂರಲು 21 ದಿನ ಸಾಕೆಂಬ ಮಾತು ಪ್ರಚಲಿತವಾಗಿದೆ. ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿದ್ದು ಬೇರೆ: ಮಧ್ಯಾಂಕ 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳ ಅಂತರ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ. 'ನಾಳೆಯಿಂದ ವ್ಯಾಯಾಮ' ಎಂಬ ಸಂಕಲ್ಪಕ್ಕಿಂತ 'ಬೆಳಗಿನ ಚಹಾ ಕುಡಿದ ಮೇಲೆ ಹತ್ತು ಬಸ್ಕಿ' ಎಂಬಂತೆ ದಿನಚರಿಯ ಒಂದು ಕೆಲಸಕ್ಕೆ ಗಂಟು ಹಾಕಿದ ನಿರ್ಧಾರ ಹೆಚ್ಚು ಬಾಳಿಕೆ ಬರುತ್ತದೆ. ವಾರದ ಚುಚ್ಚುಮದ್ದಿನ ಮರುದಿನ ವಾಕರಿಕೆ ಕಾಣಿಸುವವರು ಆ ದಿನ ನಡಿಗೆಯಷ್ಟನ್ನೇ ಇಟ್ಟುಕೊಂಡು, ಶ್ರಮದ ವ್ಯಾಯಾಮವನ್ನು ವಾರದ ಉಳಿದ ದಿನಗಳಿಗೆ ಹಂಚಿಕೊಳ್ಳಬಹುದು.

ರಾಯಚೂರು, ದೇವದುರ್ಗ ಮತ್ತು ಮಾನ್ವಿಯ ಸಂದರ್ಭ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ದೋಆಬ್ ಪ್ರದೇಶ ರಾಜ್ಯದ ಅತಿ ಬಿಸಿಲಿನ ಭಾಗಗಳಲ್ಲಿ ಒಂದು. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ವ್ಯಾಯಾಮದ ಸರಪಳಿ ಇಲ್ಲಿ ತುಂಡಾಗುವುದು ಸೋಮಾರಿತನದಿಂದಲ್ಲ, ಬೇಸಿಗೆಯಿಂದ. ಸೂರ್ಯೋದಯಕ್ಕೆ ಮುಂಚಿನ ಒಂದು ಗಂಟೆ ಬಿಟ್ಟರೆ ಹೊರಗಿನ ನಡಿಗೆ ಕಷ್ಟ. ಔಷಧದಿಂದ ಹಸಿವಿನ ಜೊತೆಗೆ ಬಾಯಾರಿಕೆಯೂ ಕಡಿಮೆಯೆನಿಸುವವರಿಗೆ, ವಾಂತಿ-ಭೇದಿ ಆಗುತ್ತಿರುವವರಿಗೆ ನಿರ್ಜಲೀಕರಣದ ಅಪಾಯವಿದೆ. ಮೂತ್ರಪಿಂಡಕ್ಕೆ ಅದು ಪೆಟ್ಟು ಕೊಡಬಲ್ಲದು. ಬೇಸಿಗೆಯ ಮೂರು ತಿಂಗಳಿಗೆ ಮನೆಯೊಳಗಿನ ಕ್ರಮವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಬಳಕೆಗೆ ಮುನ್ನ ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾಗಿರುವುದರಿಂದ, ವಿದ್ಯುತ್ ಕಡಿತವೂ ಇಲ್ಲಿ ಚಿಕಿತ್ಸೆಯ ಪ್ರಶ್ನೆಯೇ ಆಗುತ್ತದೆ.

ಮಾನ್ವಿ ಭಾಗದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಭಾಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಭತ್ತ ಹಬ್ಬಿತು. ಜೋಳದ ರೊಟ್ಟಿಯ ಊಟದೊಳಗೆ ಅನ್ನದ ಪಾಲು ಬೆಳೆಯಿತು. ಕೊಯ್ಲಿಗೆ ಯಂತ್ರ ಬಂದಿತು, ಹೊಲಕ್ಕೆ ಹೋಗಲು ಬೈಕ್ ಬಂದಿತು. ಹೊಲದಲ್ಲಿ ದುಡಿಯುವವರಿಗೆ ಪ್ರತ್ಯೇಕ ವ್ಯಾಯಾಮದ ಮಾತು ಹಾಸ್ಯವೆನಿಸೀತು. ಆದರೆ ಅಂಗಡಿ, ಅಕ್ಕಿ ಗಿರಣಿಯ ಗದ್ದಿಗೆ, ಕಚೇರಿಗಳಲ್ಲಿ ದಿನವಿಡೀ ಕುಳಿತಿರುವವರ ಸ್ಥಿತಿ ಹಾಗಿಲ್ಲ. ಮಹಿಳೆಯರಿಗೆ ಇನ್ನೊಂದು ತೊಡಕಿದೆ: ಮನೆಗೆಲಸವೇ ಸಾಕಷ್ಟು ವ್ಯಾಯಾಮವೆಂಬ ನಂಬಿಕೆ ಮತ್ತು ನಸುಕಿನಲ್ಲಿ ಒಬ್ಬರೇ ರಸ್ತೆಯಲ್ಲಿ ನಡೆಯಲು ಹಿಂಜರಿಕೆ. ಓಣಿಯ ನಾಲ್ಕೈದು ಮಂದಿ ಗುಂಪಾಗಿ ಹೊರಡುವುದರಿಂದ ಸುರಕ್ಷತೆಯೂ ನಂಟಿನ ಪ್ರೇರಣೆಯೂ ಒಟ್ಟಿಗೇ ದೊರೆಯುತ್ತವೆ.

ಸ್ನಾಯು ಬಲಪಡಿಸಲು ಜಿಮ್ ಬೇಕೇಬೇಕೆಂದಿಲ್ಲ. ಉತ್ತರ ಕರ್ನಾಟಕದ ಗರಡಿಮನೆಯ ಬಸ್ಕಿ ಮತ್ತು ದಂಡ, ಹಳ್ಳಿಗಳ ಗುಂಡು ಎತ್ತುವ ಆಟ ಇವೆಲ್ಲ ಇಂದಿನ ಭಾಷೆಯಲ್ಲಿ ಪ್ರತಿರೋಧ ವ್ಯಾಯಾಮಗಳೇ. ಹೊಸಬರು ಕುರ್ಚಿ ಹಿಡಿದು ಅರ್ಧ ಬಸ್ಕಿ, ಗೋಡೆಗೆ ಕೈಯೂರಿ ದಂಡ, ನೀರು ತುಂಬಿದ ಬಾಟಲಿ ಎತ್ತುವುದರಿಂದ ಆರಂಭಿಸಬಹುದು. ಸ್ನಾಯುವಿಗೆ ಪ್ರೋಟೀನೂ ಬೇಕು. 100 ಗ್ರಾಂ ಜೋಳದಲ್ಲಿರುವುದು ಸುಮಾರು 10 ಗ್ರಾಂ ಮಾತ್ರ. ಹಸಿವು ಕಡಿಮೆಯಿರುವಾಗ ಬೇಳೆ, ಕಾಳಿನ ಪಲ್ಯ, ಮೊಸರು, ಮೊಟ್ಟೆಯನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಳಿಸುವುದು ಸುಲಭ ಮಾರ್ಗ.

ಎಚ್ಚರಿಕೆಗಳು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಗಳನ್ನೂ ಪಡೆಯುತ್ತಿರುವ ಸಕ್ಕರೆ ಕಾಯಿಲೆಯವರಲ್ಲಿ ವ್ಯಾಯಾಮದ ವೇಳೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಕೂಡಲೇ ನಿಲ್ಲಿಸಿ ಸಕ್ಕರೆ ಅಥವಾ ಬೆಲ್ಲ ತಿನ್ನಬೇಕು. ಉಪವಾಸದ ದಿನಗಳಲ್ಲಿ, ರಂಜಾನ್ ತಿಂಗಳಲ್ಲಿ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನು ಮೊದಲೇ ಕೇಳಬೇಕು. ಬೆನ್ನಿಗೆ ಹಬ್ಬುವ ತೀವ್ರ ಹೊಟ್ಟೆನೋವು ಮೇದೋಜೀರಕ ಗ್ರಂಥಿಯ ಉರಿಯೂತದ ಲಕ್ಷಣವಾಗಿರಬಹುದು. ಅದನ್ನು ವ್ಯಾಯಾಮದ ನೋವೆಂದು ಕಡೆಗಣಿಸಬಾರದು.

ಔಷಧ ನಿಂತ ನಂತರ

ಸ್ಟೆಪ್-1ರ ಮುಂದುವರಿದ ಭಾಗದಲ್ಲಿ ಔಷಧ ನಿಲ್ಲಿಸಿದವರು ಇಳಿಸಿಕೊಂಡಿದ್ದ ತೂಕದ ಮೂರನೇ ಎರಡರಷ್ಟನ್ನು ಒಂದು ವರ್ಷದೊಳಗೆ ಮರಳಿ ಪಡೆದರು. ತಿಂಗಳಿಗೆ ಸಾವಿರಾರು ರೂಪಾಯಿಯ ಚಿಕಿತ್ಸೆಯನ್ನು ಖರ್ಚಿನ ಕಾರಣದಿಂದ ನಡುವೆ ಬಿಡುವವರಿಗೆ ಇದು ದೂರದ ಮಾತಲ್ಲ. ಹೀಗೆ ಮರಳುವ ತೂಕದಲ್ಲಿ ಕೊಬ್ಬಿನ ಪಾಲೇ ಹೆಚ್ಚಿರಬಹುದು. ಡೆನ್ಮಾರ್ಕಿನ ಅದೇ ಗುಂಪನ್ನು ಚಿಕಿತ್ಸೆ ಮುಗಿದ ಒಂದು ವರ್ಷದ ಬಳಿಕ ಪರೀಕ್ಷಿಸಿದ ವರದಿ 2024ರಲ್ಲಿ ಪ್ರಕಟವಾಯಿತು. ಔಷಧವನ್ನಷ್ಟೇ ಪಡೆದವರಿಗಿಂತ, ಔಷಧದ ಜೊತೆಗೆ ವ್ಯಾಯಾಮ ಮಾಡಿದ್ದವರು ಇಳಿದ ತೂಕವನ್ನು ಹೆಚ್ಚು ಉಳಿಸಿಕೊಂಡಿದ್ದರು.